ಟೀ ಕುಡಿಯದೆ ಬೆಲೆ ಮಾತಾಡುವುದು

ಕಣ್ಣಿಗೆ ಪೊರೆ ಬಂದಿದೆ ಎಂದು ಗೊತ್ತಾದಾಗ ನನಗೆ ಗಾಬರಿಯಾಗಲಿಲ್ಲ. ಪೊರೆ ಎಂದರೆ ತೆಗೆಯುವಂಥದ್ದು, ತೆಗೆಸಿದರಾಯಿತು. ಗಾಬರಿಯಾದದ್ದು ನಮ್ಮ ನಂಜನಗೂಡಿನ ಕಣ್ಣಿನ ಡಾಕ್ಟರಮ್ಮ ನನ್ನ ರಕ್ತದ ರಿಪೋರ್ಟು ನೋಡಿ, ಅದನ್ನು ಮೇಜಿನ ಮೇಲೆ ತಿರುಗಿಸಿ ನನ್ನ ಕಡೆಗೇ ತಳ್ಳಿದಾಗ.

"ಇಷ್ಟು ಸಕ್ಕರೆ ಇಟ್ಕೊಂಡು ಬಂದ್ರೆ ನಾನು ಕಣ್ಣು ಮುಟ್ಟಲ್ಲ. ಗಾಯ ಮಾಯಲ್ಲ. ಕೀವಾದ್ರೆ ಇರೋ ಕಣ್ಣೂ ಹೋಗುತ್ತೆ. ಇಳಿಸ್ಕೊಂಡು ಬನ್ನಿ, ಆಮೇಲೆ ಆಪರೇಷನ್."

ಎಷ್ಟಕ್ಕೆ ಇಳಿಸಬೇಕು ಎಂದು ಕೇಳಿದೆ. ಹೇಳಿದರು. ಬಾಯಿ ಸುಮ್ಮನಿರಬೇಕಲ್ಲ.

"ಅಷ್ಟೊಂದು ಬಿಗಿ ಹಿಡೀಬೇಡಿ ಡಾಕ್ಟರಮ್ಮ. ನಾನೂ ಒಂದಷ್ಟು ಇಳಿಸ್ತೀನಿ, ನೀವೂ ಒಂದಷ್ಟು ಮೇಲಕ್ಕೆ ಬನ್ನಿ. ನಡುವೆ ಎಲ್ಲಾದ್ರೂ ಮುಗಿಸೋಣ."

"ಯಜಮಾನ್ರೇ, ಇದು ಬಾಳೆ ಮಂಡಿ ಅಲ್ಲ," ಎಂದರು ಆಕೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.

ನಾನು ಬಾಳೆಕಾಯಿ ವ್ಯಾಪಾರಿ. ಗೊನೆ ಗಿಡದಲ್ಲಿರುವಾಗಲೇ ತೋಟ ಸುತ್ತಿ, ಒಟ್ಟು ತೋಟಕ್ಕೆ ಬೆಲೆ ಕಟ್ಟಿ, ಬಲಿತ ಮೇಲೆ ಕಡಿಸಿ ಸಾಗಿಸುವುದು ನನ್ನ ಕೆಲಸ. ಅಪ್ಪ ಬಿಟ್ಟುಹೋದ ಅಂಗಡಿಯಲ್ಲ ಇದು. ಇನ್ನೊಬ್ಬರ ಮಂಡಿಯಲ್ಲಿ ಗೊನೆ ಹೊತ್ತು, ಅಲ್ಲಿಯೇ ಕಲಿತು, ಒಂದೊಂದೇ ತೋಟ ಹಿಡಿದು ಮೇಲೆ ಬಂದವನು. ಈ ವ್ಯಾಪಾರದಲ್ಲಿ ತಕ್ಕಡಿ ಆಮೇಲೆ ಬರುತ್ತದೆ, ಕಣ್ಣು ಮೊದಲು. ಕಾಯಿಯ ಏಣು, ಎಂದರೆ ಮೈಮೇಲಿನ ಉದ್ದ ಗೆರೆ, ಎಷ್ಟು ಮೈತುಂಬಿದೆ, ಎಲೆಯ ಅಂಚು ಎಲ್ಲಿ ಹಳದಿಗೆ ತಿರುಗಿದೆ, ಗಿಡದ ಬುಡ ಸೀಳಿದೆಯೋ ಇಲ್ಲವೋ, ಎಲ್ಲವನ್ನೂ ನಡೆಯುತ್ತ ನಡೆಯುತ್ತಲೇ ನೋಡಿ ಮುಗಿಸಬೇಕು. ನಿಂತು ನೋಡಿದರೆ ತೋಟದವನಿಗೆ ನಿಮ್ಮ ಅನುಮಾನ ಗೊತ್ತಾಗುತ್ತದೆ. ತಲೆದೂಗಿದರೆ ಆಸೆ ಗೊತ್ತಾಗುತ್ತದೆ. ಎರಡೂ ನಷ್ಟವೇ.

ಇಂಥ ಅಭ್ಯಾಸಗಳನ್ನು ನಾನು ಹೊಸ ಹುಡುಗರಿಗೆ ಕರೆದು ಕರೆದು ಹೇಳುತ್ತಿದ್ದೆ. ಬಿಸಿಲೇರುವ ಮೊದಲು ತೋಟದಲ್ಲಿರಿ. ರಸ್ತೆ ಕಡೆಯಿಂದ ನೋಡಬೇಡಿ, ಹಿಂದಿನ ಬದುವಿನಿಂದ ಒಳಗೆ ಹೋಗಿ, ಏಕೆಂದರೆ ನೀರು ಗೊಬ್ಬರ ಎಲ್ಲ ರಸ್ತೆ ಕಡೆಯ ಗಿಡಗಳಿಗೇ ಬಿದ್ದಿರುತ್ತದೆ. ಮೊದಲು ಬೆಲೆ ಹೇಳಬೇಡಿ. ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯವರು ಏನು ಕೊಟ್ಟರೂ ಬೇಡ ಅನ್ನಬೇಡಿ.

ಈ ಕೊನೆಯದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ತೋಟದ ಬೆಲೆ ಜಗಲಿಯ ಮೇಲೆ ತೀರ್ಮಾನವಾಗುತ್ತದೆ. ವ್ಯಾಪಾರಿ ತೋಟ ಸುತ್ತಿ ಬಂದು ಕೂರುತ್ತಾನೆ. ಒಳಗಿನಿಂದ ಟೀ ಬರುತ್ತದೆ. ಅದು ಬರುವವರೆಗೆ ಮಳೆ, ಮಠ, ಮದುವೆ, ಮೊಮ್ಮಕ್ಕಳು, ಏನು ಬೇಕಾದರೂ ಮಾತಾಡಬಹುದು, ಬೆಲೆಯೊಂದನ್ನು ಬಿಟ್ಟು. ಲೋಟ ಖಾಲಿಯಾದ ಮೇಲೆ ಬೆಲೆ. ಲೋಟ ಮುಟ್ಟದಿದ್ದರೆ ನಿಮ್ಮ ತೋಟ ನನಗೆ ಹಿಡಿಸಲಿಲ್ಲ ಎಂದರ್ಥ. ಮನೆಯಾಕೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು. ಜೊತೆಗೆ ನಮ್ಮವರ ಮರ್ಯಾದೆಯೆಲ್ಲ ಸಕ್ಕರೆಯಲ್ಲಿಯೇ ಇದೆ. ಬೇಕಾದವರು ಬಂದರೆ ಇನ್ನೊಂದು ಚಮಚ. ನನ್ನನ್ನು ಎಲ್ಲ ಊರಿನಲ್ಲಿಯೂ ಬೇಕಾದವನು ಮಾಡಿಕೊಂಡಿದ್ದರು. ಹೆಮ್ಮರಗಾಲದಿಂದ ಸುತ್ತೂರು ಕಡೆಗೆ, ಅಲ್ಲಿಂದ ತಿ. ನರಸೀಪುರ, ಮುಡುಕುತೊರೆವರೆಗೆ ಒಂದು ಸುತ್ತು ಹೊರಟರೆ, ಎಷ್ಟು ಜಗಲಿಯೋ ಅಷ್ಟು ಲೋಟ ಪಾಯಸದಂಥ ಟೀ ಒಳಗೆ ಹೋಗುತ್ತಿತ್ತು.

ಹಾಗಾದರೆ ಸಕ್ಕರೆ ಕಾಯಿಲೆ ಇದೆ, ಬೇಡ ಎಂದು ಬಾಯಿ ಬಿಟ್ಟು ಹೇಳಬಹುದಿತ್ತಲ್ಲ, ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ದಿನಾ ಇದನ್ನೇ ಕೇಳುತ್ತಿದ್ದಳು. ವ್ಯಾಪಾರಿಯ ಕಷ್ಟ ವ್ಯಾಪಾರಿಗೇ ಗೊತ್ತು. ಸಕ್ಕರೆ ಅಂದರೆ ಮುಂದಿನ ಪ್ರಶ್ನೆ ಕಣ್ಣು. ಹಳ್ಳಿಯಲ್ಲಿ ಸಕ್ಕರೆಯಿಂದ ಕಣ್ಣು ಕಳೆದುಕೊಂಡ ಒಬ್ಬ ಚಿಕ್ಕಪ್ಪನೋ ಭಾವನೋ ಪ್ರತಿ ಮನೆಯಲ್ಲಿಯೂ ಇದ್ದಾನೆ. ಈ ವ್ಯಾಪಾರಿಗೆ ಕಣ್ಣು ಮಂಜು ಎಂದು ಒಂದು ಜಗಲಿಯಲ್ಲಿ ಗೊತ್ತಾದರೆ ಸಾಕು, ಸಂಜೆಗೆ ಎಲ್ಲ ಊರಿಗೂ ಗೊತ್ತು. ಆಮೇಲೆ ನನಗೆ ರಸ್ತೆ ಬದಿಯ ಗಿಡ ತೋರಿಸಿ ಇಡೀ ತೋಟ ತಲೆಗೆ ಕಟ್ಟುತ್ತಾರೆ. ನಾನೇ ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಹೀಗಾಗಿ ಕಣ್ಣು ಉಳಿಸಿಕೊಳ್ಳಲು ಟೀ ಬಿಡಬೇಕು, ಕಣ್ಣಿನ ಗುಟ್ಟು ಉಳಿಸಿಕೊಳ್ಳಲು ಟೀ ಕುಡಿಯಬೇಕು. ಇಂಥ ಇಕ್ಕಟ್ಟಿಗೆ ನಾನು ಯಾವತ್ತೂ ಸಿಕ್ಕಿಕೊಂಡಿರಲಿಲ್ಲ.

ಮೊದಲು ವಾಕಿಂಗ್ ಶುರು ಮಾಡಿದೆ. ನಮ್ಮ ಬೀದಿಯ ರಿಟೈರಾದ ಮೇಷ್ಟ್ರೊಬ್ಬರು ಬೆಳಿಗ್ಗೆ ಹೊಳೆಯ ಕಡೆಗೆ ನಡೆಯುತ್ತಾರೆ, ಅವರ ಜೊತೆಗೂಡಿದೆ. ಅವರದ್ದು ಗಡಿಯಾರದ ನಡಿಗೆ. ನನ್ನದು ಹಾಗಲ್ಲ. ನಾನು ಇವತ್ತು ಸ್ನಾನಘಟ್ಟ ದಾಟಿ ಇನ್ನಷ್ಟು ದೂರ ಹೋದೆ ಎಂದರೆ ನಾಳೆ ರಜ ಬರಬೇಕಾದ್ದು ನ್ಯಾಯ ಎಂದು ಲೆಕ್ಕ ಹಾಕುತ್ತಿದ್ದೆ. ಬೆವರು ಬಂದರೆ ಒಂದು ಜಿಲೇಬಿಗೆ ಹಕ್ಕು ಬಂತು ಅಂದುಕೊಳ್ಳುತ್ತಿದ್ದೆ.

ಒಂದು ದಿನ ವಾಪಸು ಬರುತ್ತ ಹೋಟೆಲಿನ ಮುಂದೆ ನನ್ನ ಕಾಲು ತಾನೇ ನಿಧಾನವಾಯಿತು. ಮೇಷ್ಟ್ರು ನಿಂತರು.

"ಸಾವ್ಕಾರ್ರೇ, ನೀವು ನಡೆಯೋದು ಸಕ್ಕರೆ ಇಳಿಸೋಕೋ, ಇನ್ನೊಂದು ಲೋಡಿಗೆ ಜಾಗ ಮಾಡೋಕೋ?"

"ಒಂದೇ ಒಂದು ಇಡ್ಲಿ ಮೇಷ್ಟ್ರೇ."

"ಇಡ್ಲಿ ಅಂತ ಹೋಗಿ ಕೇಸರಿಬಾತ್ ತಿನ್ನೋ ಮುಖ ನಾನು ಕ್ಲಾಸಿನಲ್ಲಿ ಬೇಕಾದಷ್ಟು ನೋಡಿದೀನಿ. ನಡೀರಿ, ನಡೀರಿ."

ಅವರ ಮಾತಿಗೆ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮಾರನೆಯ ದಿನ ಹೋಗಲಿಲ್ಲ. ಅದರ ಮರುದಿನ, ನಿನ್ನೆ ಹೋಗದೆ ಇಂದು ಹೋದರೆ ಅವರು ಮತ್ತೆ ಏನಾದರೂ ಅನ್ನುತ್ತಾರೆ ಎಂದು ಹೋಗಲಿಲ್ಲ. ಅಭ್ಯಾಸ ಬಿಟ್ಟುಹೋಗುವುದು ಹೀಗೆಯೇ. ಸೋಮಾರಿತನದಿಂದ ಬಿಡುವವರಿಗಿಂತ ಬಿಗುಮಾನದಿಂದ ಬಿಡುವವರೇ ಜಾಸ್ತಿ.

ಪರೀಕ್ಷೆಯ ದಿನ ಹತ್ತಿರ ಬಂತು. ಆಗ ನನಗೆ ಹೊಳೆದ ಉಪಾಯ ನೋಡಿ. ಎರಡು ದಿನ ಅನ್ನ ಮುಟ್ಟಲಿಲ್ಲ. ಬರೀ ಸೊಪ್ಪು, ಸೌತೆಕಾಯಿ, ನೀರು. ಆಚೆ ಸುತ್ತುವುದನ್ನೂ ನಿಲ್ಲಿಸಿದೆ. ಹಸಿವಿನಲ್ಲಿ ಮನೆಯವರ ಮೇಲೆಲ್ಲ ಹರಿಹಾಯ್ದೆ. ಬೆರಳಿನ ರಕ್ತದ ಸಕ್ಕರೆ ಚೆನ್ನಾಗಿಯೇ ಇಳಿದಿತ್ತು. ಗೆದ್ದವನ ಹಾಗೆ ಡಾಕ್ಟರಮ್ಮನ ಮುಂದೆ ಕೂತೆ.

ಆಕೆ ಇನ್ನೊಂದು ರಿಪೋರ್ಟು ತೆಗೆದರು. ಅದು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಂತೆ. ಅಂಥದ್ದೊಂದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಎಷ್ಟು ದಿನ ಉಪವಾಸ ಮಾಡಿದ್ರಿ?"

"ಉಪವಾಸ ಏನಿಲ್ಲ, ಸ್ವಲ್ಪ ಹಿಡಿತ..."

"ಬುಟ್ಟೀಲಿ ಮೇಲ್ಗಡೆ ಒಳ್ಳೇ ಚಿಪ್ಪು ಜೋಡ್ಸಿ, ಅಡೀಲಿ ಕೊಳೆತದ್ದು ಇಟ್ಟು ತಂದ್ರೆ ನೀವೇನು ಮಾಡ್ತೀರಿ?"

"ವಾಪಸು ಕಳಿಸ್ತಾರೆ," ಎಂದಳು ನನ್ನ ಹೆಂಡತಿ. ಕೇಳಿದ್ದು ಅವಳನ್ನಲ್ಲ.

ವಾಪಸು ಕಳಿಸಿದರು. ಮತ್ತೆ ಮೂರು ತಿಂಗಳು. ಮಾತ್ರೆ ಜಾಸ್ತಿ ಮಾಡಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಎಡದ ಕಾಲಿಗೆ ಬೇರೆ ಯಾರದ್ದೋ ಚಪ್ಪಲಿ ಹಾಕಿಕೊಂಡಿದ್ದೆ. ಹೆಂಡತಿ ಬಗ್ಗಿ ಬದಲಾಯಿಸಿದಳು. ಅವಳು ಏನಾದರೂ ಅಂದಿದ್ದರೆ ವಾಸಿಯಿತ್ತು.

ಆ ಮೂರು ತಿಂಗಳು ಕಾಯುವಷ್ಟು ಪುರಸೊತ್ತು ವ್ಯಾಪಾರಕ್ಕೆ ಇರಲಿಲ್ಲ. ಹಬ್ಬದ ಸಾಲಿನ ತೋಟಗಳನ್ನು ಹಿಡಿಯುವ ಕಾಲ. ಗಾಡಿ ಓಡಿಸುವುದನ್ನು ಮೊದಲೇ ನಿಲ್ಲಿಸಿದ್ದೆ. ಪೆಟ್ರೋಲು ದುಬಾರಿ ಎಂದು ಊರಿಗೆಲ್ಲ ಹೇಳಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ತಿ. ನರಸೀಪುರದ ಆಚೆ ಹೊಳೆ ಬದಿಯ ಒಂದು ರಸಬಾಳೆ ತೋಟ ನೋಡಲು ಹೊರಟಾಗ ಹೆಂಡತಿ ತಾನೂ ಬರುತ್ತೇನೆ ಎಂದಳು.

"ನೀನ್ಯಾಕೆ? ತೋಟದಲ್ಲಿ ನಿಂಗೇನು ಕೆಲಸ?"

"ಬಸ್ಸು ಹೆಂಗಸ್ರಿಗೆ ಫ್ರೀ. ಮನೇಲಿ ಕೂತ್ಕೊಂಡು ನಾನೇನ್ ಮಾಡ್ಲಿ? ಸುಮ್ನೆ ಕಿಟಕೀಲಿ ನೋಡ್ಕೊಂಡ್ ಬತ್ತೀನಿ."

ತೋಟದವನು ಒಳ್ಳೆಯ ಮನುಷ್ಯ. ನಾನು ಹಿಂದಿನ ಬದುವಿನಿಂದಲೇ ಒಳಗೆ ಹೋದೆ, ಅಭ್ಯಾಸದಂತೆ. ಹೆಂಡತಿಯೂ ಹಿಂದೆಯೇ ಬಂದಳು. ಗಿಡ ಎತ್ತರವಿತ್ತು, ಗೊನೆ ಉದ್ದವಿತ್ತು. ಎಲೆ ನನಗೆ ಒಂದೇ ಬಣ್ಣ ಕಂಡಿತು. ಪೊರೆ ಬಂದ ಕಣ್ಣಿಗೆ ಎಲ್ಲವೂ ಕೊಂಚ ಹಳದಿಯೇ: ಗೋಡೆ, ಪಂಚೆ, ಅನ್ನ ಎಲ್ಲ. ಹಳದಿಯೊಳಗಿನ ಹಳದಿ ಹೇಗೆ ಕಾಣಬೇಕು? ನನ್ನ ಲೆಕ್ಕದಲ್ಲಿ ತೋಟ ಅಚ್ಚುಕಟ್ಟಾಗಿತ್ತು. ಜಗಲಿಗೆ ಬಂದು ಕೂತು, ಟೀ ಕುಡಿದು, ಗಂಟಲು ಸರಿಮಾಡಿಕೊಂಡು ಬೆಲೆಗೆ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನನ್ನ ಪಕ್ಕಕ್ಕೆ ಬಂದು ನಿಂತಳು.

"ಏನೂಂದ್ರೆ, ಹೊರಡೋಣ. ತಲೆ ಸುತ್ತುತ್ತಾ ಅದೆ ನಂಗೆ."

ಹೆಂಗಸಿಗೆ ತಲೆ ಸುತ್ತಿದರೆ ಯಾರೂ ಬೆಲೆ ಮಾತಾಡುವುದಿಲ್ಲ. ತೋಟದವನೇ ಬಸ್ಸಿನವರೆಗೆ ಬಂದು ಹತ್ತಿಸಿದ. ಬಸ್ಸು ಹೊರಟ ಮೇಲೆ ಅವಳ ತಲೆ ಸರಿಯಾಯಿತು.

"ನಡುವಿನ ಸಾಲೆಲ್ಲ ಸೊರಗು ರೋಗ. ಕೆಳಗಿನ ಎಲೆ ಪೂರಾ ಹಳದಿ ತಿರುಗಿ ಮುರ್ಕೊಂಡು ನೇತಾಡ್ತಾ ಅವೆ. ನೀವು ಅದರ ಕೆಳಗೇ ಬಗ್ಗಿ ನಡ್ಕೊಂಡ್ ಬಂದ್ರಿ."

ಸುತ್ತೂರು ಬಂತು, ಒಂದಷ್ಟು ಜನ ಇಳಿದರು, ಒಂದಷ್ಟು ಜನ ಹತ್ತಿದರು. ಯಾರೋ ಪರಿಚಯದವರು ನಮಸ್ಕಾರ ಹೇಳಿದರು. ದನಿ ಗುರುತು ಹಿಡಿದು ತಿರುಗಿ ನಮಸ್ಕಾರ ಹೇಳಿದೆ.

"ಕೆಳಗಿನ ಎಲೆ ಹಳದಿ ಅಂತ ನಿಂಗೆ ಹೆಂಗ್ ಗೊತ್ತಾಯ್ತು?" ಎಂದೆ ಕೊನೆಗೆ.

"ಇಷ್ಟು ವರ್ಷ ಊಟಕ್ಕೆ ಕೂತಾಗೆಲ್ಲ ನೀವು ಬೇರೆ ಏನ್ ಮಾತಾಡಿದೀರಾ ನನ್ ಜೊತೆ?"

ಅವಳ ತಲೆಸುತ್ತು ನನ್ನನ್ನು ಆ ಸಲ ಉಳಿಸಿತು, ನಿಜ. ಆದರೆ ಉಳಿದುಕೊಂಡವನ ಸಿಟ್ಟು ಎಂಥದ್ದು ಎಂದು ಉಳಿಸಿದವರಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಕೂತು ಯೋಚಿಸಿದೆ. ಜೀವಮಾನವಿಡೀ ಶಿಸ್ತು ಶಿಸ್ತು ಎಂದು ಭಾಷಣ ಮಾಡಿದವನು ನಾನು. ಬೆಳಿಗ್ಗೆ ಏಳುವುದು ನನಗೆ ಕಷ್ಟವಲ್ಲ. ನಾಲಿಗೆ ಹಿಡಿಯುವುದು ಕಷ್ಟವಲ್ಲ, ಬೆಲೆಯ ವಿಷಯದಲ್ಲಿ ಎಷ್ಟು ಹೊತ್ತು ಬೇಕಾದರೂ ಬಾಯಿ ಮುಚ್ಚಿಕೊಂಡು ಕೂರಬಲ್ಲೆ. ಆದರೆ ಒಂದು ಲೋಟ ಟೀ ಬೇಡ ಅನ್ನಲು ಆಗುತ್ತಿಲ್ಲ! ಹಳೆಯ ಅಭ್ಯಾಸಗಳು ನನ್ನನ್ನು ಎಲ್ಲಿಗೆ ಮುಟ್ಟಿಸಬೇಕಿತ್ತೋ ಅಲ್ಲಿಗೆ ಮುಟ್ಟಿಸಿದ್ದವು. ಈಗ ಅವನ್ನು ಮೈಮೇಲಿಂದ ಇಳಿಯಿರಿ ಅಂದರೆ ಇಳಿಯುತ್ತಿರಲಿಲ್ಲ.

ಮುಂದಿನ ವಾರ ಹೆಮ್ಮರಗಾಲ. ಅಲ್ಲಿ ನನಗೆ ಖಾಯಂ ತೋಟ ಕೊಡುವ ಮನೆಯೊಂದಿದೆ. ವ್ಯವಹಾರವೆಲ್ಲ ಮನೆಯ ಹಿರಿಯಾಕೆಯದು. ಗಂಡ ಮೆತ್ತಗಿನ ಮನುಷ್ಯ, ಲಿಂಗಪೂಜೆ ಮುಗಿಸಿ ಬಂದು ಮೂಲೆಯಲ್ಲಿ ಕೂರುತ್ತಾರೆ. ಆಕೆಯ ಜೊತೆ ಬೆಲೆ ಮಾತಾಡಿ ಬರುವುದೆಂದರೆ ಮೈಯೆಲ್ಲ ಹಿಂಡಿಸಿಕೊಂಡು ಬಂದಂತೆ. ಈ ಸಲವೂ ಹೆಂಡತಿ ಜೊತೆಗಿದ್ದಳು. ತೋಟದಲ್ಲಿ ಅವಳು ಹೂವು ಕೀಳುವ ನೆಪದಲ್ಲಿ ಮುಂದೆ ಮುಂದೆ ನಡೆದಳು, ನಾನು ಹಿಂದೆ. ಗಿಡ ಚೆನ್ನಾಗಿದ್ದರೆ ಸುಮ್ಮನಿರಬೇಕು, ಕೆಟ್ಟದ್ದಿದ್ದರೆ ಕೆಮ್ಮಬೇಕು ಎಂದು ಮಾತಾಗಿತ್ತು. ಅವಳು ಒಮ್ಮೆಯೂ ಕೆಮ್ಮಲಿಲ್ಲ.

ಜಗಲಿಯಲ್ಲಿ ಕೂತೆವು. ಹಿರಿಯಾಕೆ ತಾನೇ ತಟ್ಟೆ ಹಿಡಿದು ಬಂದಳು. ಸ್ಟೀಲ್ ಲೋಟದ ತುಂಬ ಟೀ. ನಾನು ಕೈ ಚಾಚಿದೆ.

"ಅಕ್ಕಾರೇ, ಇವ್ರಿಗೆ ಟೀ ಬ್ಯಾಡಿ," ಎಂದಳು ನನ್ನ ಹೆಂಡತಿ. "ಸಕ್ಕರೆ ಕಾಯಿಲೆ. ಕಣ್ಣಿಗೆ ಆಪರೇಷನ್ ಆಗ್ಬೇಕು. ಸಕ್ಕರೆ ಇಳೀದೆ ಮಾಡಾಕಿಲ್ಲ ಅಂತಾವ್ರೆ ಡಾಕ್ಟ್ರು."

ಚಾಚಿದ ಕೈ ಚಾಚಿದಂತೆಯೇ ನಿಂತಿತು. ಇಷ್ಟು ದಿನ ಕಾಪಾಡಿದ ಗುಟ್ಟೆಲ್ಲ ಎರಡು ಉಸಿರಿನಲ್ಲಿ ಜಗಲಿಯ ಮೇಲೆ ಬಿದ್ದಿತ್ತು. ಹಿರಿಯಾಕೆ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿರಬೇಕು; ಆಕೆಯ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ, ಅದೇ ದೊಡ್ಡ ಸಂಕಟ.

"ಅಯ್ಯೋ ಸಿವ್ನೇ," ಎಂದಳು ಆಕೆ. "ಅದ್ಕಾ ವೋದ್ಸಲ ಪೂಜೆ ಕ್ವಾಣೆ ಬಾಗ್ಲಿಗೆ ತಲೆ ವೊಡ್ಕೊಂಡ್ರಿ? ನಾನು ಏನೋ ಯೋಚ್ನೇಲಿ ಅವ್ರೆ ಅಂದ್ಕೊಂಡೆ. ಮೊದ್ಲೇ ಬಾಯ್ಬುಟ್ಟು ಅನ್ಬಾರ್ದಾ ಸಾವ್ಕಾರ್ರೇ? ನಮ್ಮನೆಯವ್ರಿಗೂ ಅದೇ ಕಾಯ್ಲೆ. ಅವ್ರಿಗೆ ಬ್ಯಾರೆ ಪಾತ್ರೇಲಿ ಸಕ್ಕರೆ ಆಕ್ದೆ ಮಾಡ್ತೀನಿ. ನೀವ್ ಬಂದಾಗ್ಲೆಲ್ಲ ವಿಸ ಕೊಟ್ಟಂಗಾಯ್ತಲ್ಲ ನಾನು!"

ಮೂಲೆಯಿಂದ ಆಕೆಯ ಗಂಡ ಮೊದಲ ಸಲ ಮಾತಾಡಿದರು. "ಆ ಟೀ ನಂಗಾದ್ರೂ ಕೊಡು."

"ನೀವ್ ಸುಮ್ಕಿರಿ."

ಟೀ ಒಳಗೆ ಹೋಯಿತು, ಮಜ್ಜಿಗೆ ಬಂತು. ಉಪ್ಪು, ಶುಂಠಿ, ಕರಿಬೇವು. ಕುಡಿದೆ. ಲೋಟ ಕೆಳಗಿಟ್ಟೆ. ಟೀ ಇಲ್ಲದ ಜಗಲಿಯಲ್ಲಿ ಬೆಲೆಗೆ ಎಲ್ಲಿಂದ ಶುರು ಮಾಡಬೇಕು ಎಂದೇ ನನಗೆ ತಿಳಿಯಲಿಲ್ಲ. ಆಕೆಯೇ ಶುರು ಮಾಡಿದಳು, ಯಾವತ್ತಿನಷ್ಟೇ ಮೇಲಿನಿಂದ. ನನ್ನ ಮೇಲೆ ಕನಿಕರವೂ ಇಲ್ಲ, ನನ್ನ ಕಣ್ಣಿನ ಲಾಭ ತೆಗೆಯುವ ಆಸೆಯೂ ಇಲ್ಲ. ಕೊನೆಗೆ ಬೆಲೆ ಹೆಚ್ಚು ಕಡಿಮೆ ಹೋದ ವರ್ಷದ ಜಾಗಕ್ಕೇ ಬಂದು ನಿಂತಿತು.

ಬಸ್ ಸ್ಟಾಪಿನಲ್ಲಿ ಹೆಂಡತಿಯ ಮೇಲೆ ಕೂಗಾಡಿದೆ. ಎಲ್ಲ ಹಾಳು ಮಾಡಿದೆ, ನಾಳೆಯಿಂದ ನನಗೆ ಯಾರು ಒಳ್ಳೆಯ ಗೊನೆ ತೋರಿಸುತ್ತಾರೆ, ವ್ಯಾಪಾರ ನಿನಗೇನು ಗೊತ್ತು, ಎಂದೆಲ್ಲ. ಅವಳು ಕೇಳಿಸಿಕೊಂಡಳು.

"ಮುಗೀತಾ?" ಎಂದಳು. "ಕಾಣಲ್ಲ ಅಂತ ಅವ್ರಿಗೆ ಗೊತ್ತಿತ್ತು. ನೀವು ಬಾಗ್ಲಿಗೆ ತಲೆ ಹೊಡ್ಕೊಂಡಾಗ್ಲೇ ಗೊತ್ತಾಗಿತ್ತು. ಗೊತ್ತಿಲ್ದೆ ಇದ್ದಿದ್ದು ಅವ್ರಿಗೆ ಗೊತ್ತದೆ ಅನ್ನೋದು, ನಿಮಗೆ."

ಅವಳು ಅಂದಷ್ಟು ಸುಲಭವಾಗಿಯೂ ಮುಗಿಯಲಿಲ್ಲ. ಸುದ್ದಿ ಹರಡಿತು. ಎಲ್ಲರೂ ಹಿರಿಯಾಕೆಯಂಥವರಲ್ಲ. ಮುಡುಕುತೊರೆ ಕಡೆಯ ಒಬ್ಬ ಮಾತಿನಮಲ್ಲ, ತೋಟದ ಬದುವಿನಲ್ಲಿ ನಿಂತು, "ಸಾ, ಇದು ಬಾಳೆ ಗಿಡ, ಅದು ನಮ್ ಎತ್ತು, ಕಲ್ಸಿ ಬೆಲೆ ಕಟ್ಬುಟ್ಟೀರಿ," ಎಂದು ಕಿಸಕ್ಕೆಂದ. ಅಲ್ಲಿ ತೋಟ ಹಿಡಿಯಲಿಲ್ಲ. ಇನ್ನೊಬ್ಬ ನಿಜವಾಗಿಯೂ ರಸ್ತೆ ಬದಿಯ ಗಿಡಗಳನ್ನೇ ಸುತ್ತಿಸಿ ಸುತ್ತಿಸಿ ತೋರಿಸಿದ. ಹೆಂಡತಿ ಕೆಮ್ಮಿ ಕೆಮ್ಮಿ ಗಂಟಲು ಕೆಡಿಸಿಕೊಂಡಳು. ಆ ಎರಡು ಮೂರು ಕಡೆ ಬಿಟ್ಟರೆ, ಉಳಿದ ಜಗಲಿಗಳಲ್ಲಿ ನನಗೆ ಮಜ್ಜಿಗೆ, ಸಕ್ಕರೆ ಹಾಕದ ಟೀ, ಒಂದು ಕಡೆ ಮೆಂತ್ಯದ ನೀರು ಬರತೊಡಗಿತು. ಮೆಂತ್ಯದ ನೀರು ಕುಡಿದು ಬೆಲೆ ಇಳಿಸುವುದು ಎಷ್ಟು ಕಷ್ಟ ಎಂದು ಕುಡಿದವರಿಗೇ ಗೊತ್ತು. ಮುಖ ತಾನಾಗಿಯೇ ಹಿಂಡಿಕೊಳ್ಳುತ್ತದೆ, ಎದುರಿಗಿನವರು ಬೆಲೆ ಹಿಡಿಸಲಿಲ್ಲ ಅಂದುಕೊಳ್ಳುತ್ತಾರೆ. ಅದರಿಂದ ಒಂದೆರಡು ಕಡೆ ಲಾಭವೂ ಆಯಿತು.

ಮೇಷ್ಟ್ರ ಮನೆ ಬಾಗಿಲಿಗೆ ಹೋಗಿ ನಿಂತೆ. ಬಿಗುಮಾನ ಬಿಟ್ಟು ನಿಂತೆ ಎಂದು ಹೇಳಿಕೊಳ್ಳಲಾರೆ, ಹೆಂಡತಿ ಅವರಿಗೆ ಮೊದಲೇ ಹೇಳಿಟ್ಟಿದ್ದಳು. "ಲೀವ್ ಲೆಟರ್ ತಂದಿದೀರಾ?" ಎಂದರು ಅವರು, ಅಷ್ಟೆ. ರಜದ ಲೆಕ್ಕವನ್ನೂ ಜಿಲೇಬಿಯ ಲೆಕ್ಕವನ್ನೂ ಅವರ ಜೊತೆ ಎತ್ತಲಿಲ್ಲ. ಕಾಲು ಹೋಟೆಲಿನ ಮುಂದೆ ಈಗಲೂ ನಿಧಾನವಾಗುತ್ತದೆ. ಅದು ಬಿಟ್ಟುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಲಹೆ ಕೊಡದೆ ನನಗೆ ಇರಲಾಗುವುದಿಲ್ಲ, ಆದ್ದರಿಂದ ಇದೊಂದನ್ನು ಕೇಳಿ. ಯಾವುದಾದರೂ ಅಭ್ಯಾಸ ಬಿಡಬೇಕು ಎಂದಿದ್ದರೆ ಮೊದಲು ಅದು ಯಾರ ಯಾರ ಜಗಲಿಯ ಮೇಲೆ ಇದೆ ಎಂದು ನೋಡಿಕೊಳ್ಳಿ. ನಾನು ಅದು ನನ್ನ ನಾಲಿಗೆಯ ಮೇಲೆ ಮಾತ್ರ ಇದೆ ಎಂದುಕೊಂಡು ನಾಲಿಗೆಯ ಜೊತೆ ಚೌಕಾಸಿ ಮಾಡಿ ತಿಂಗಳುಗಟ್ಟಲೆ ಕಳೆದೆ. ಅದು ಊರೂರಿನ ಅಡುಗೆಮನೆಯಲ್ಲಿತ್ತು. ಅಲ್ಲಿಗೆ ಹೋಗಿ ಹೇಳದೆ ಬಿಡುವಂತಿರಲಿಲ್ಲ, ಹೇಳಲು ನನಗೆ ಬಾಯಿ ಬರಲಿಲ್ಲ, ಬೇರೆಯವರು ಹೇಳಿದರು. ಇದರಲ್ಲಿ ನನ್ನ ಜಾಣತನ ಎಳ್ಳಷ್ಟೂ ಇಲ್ಲ ಎನ್ನುವುದೇ ನನಗೆ ಇವತ್ತಿಗೂ ಕಿರಿಕಿರಿ.

ಮೂರನೆಯ ಸಲದ ರಿಪೋರ್ಟನ್ನು ಡಾಕ್ಟರಮ್ಮ ನನ್ನ ಕಡೆಗೆ ತಳ್ಳಲಿಲ್ಲ. ತಮ್ಮ ಹತ್ತಿರವೇ ಇಟ್ಟುಕೊಂಡು ಆಪರೇಷನ್ನಿಗೆ ದಿನ ಬರೆದರು. "ಬಲಗಣ್ಣು ಈಗ. ಎಡಗಣ್ಣು ಆಮೇಲೆ. ಆಗಲೂ ಇದೇ ಕಂಡೀಷನ್."

"ಒಟ್ಟಿಗೇ ಮುಗಿಸಿದ್ರೆ ಏನಾದ್ರೂ..." ಎಂದು ಶುರು ಮಾಡಿದೆ. ಆಕೆ ಬೆಲ್ ಒತ್ತಿ ಮುಂದಿನವರನ್ನು ಕರೆದರು.

ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಆಸ್ಪತ್ರೆಯ ಗೋಡೆ ಬೆಳ್ಳಗಿತ್ತು. ಅಷ್ಟು ದಿನ ಅದು ಹಳದಿ ಬಣ್ಣ ಎಂದೇ ತಿಳಿದಿದ್ದೆ. ಹೆಂಡತಿಯ ಕೂದಲೂ ಬೆಳ್ಳಗಾಗಿತ್ತು, ಅದು ಯಾವಾಗ ಆಯಿತೋ.

ಕೆಲವು ವಾರದ ಮೇಲೆ ಗೊನೆ ಕಡಿಸಲು ಹೆಮ್ಮರಗಾಲಕ್ಕೆ ಹೋದೆವು. ಇಬ್ಬರೂ. ತೋಟದಲ್ಲಿ ಬಲಗಣ್ಣಿಗೆ ಎಲ್ಲ ಕಾಣುತ್ತಿತ್ತು: ಏಣು, ಅಂಚು, ಬುಡ. ಆದರೂ ಅವಳು ಮುಂದೆ ನಡೆದಳು, ನಾನು ಹಿಂದೆ. ಒಂದು ಕಡೆ ಅವಳು ಕೆಮ್ಮಿದಳು. ನಾನು ನೋಡಿದರೆ ಗಿಡ ಚೆನ್ನಾಗಿತ್ತು. ಹತ್ತಿರ ಹೋಗಿ ನೋಡಿದೆ. ಬುಡ ಸೀಳಿತ್ತು, ಎಡಗಣ್ಣಿನ ಕಡೆ.

ಜಗಲಿಗೆ ಬಂದರೆ ಹಿರಿಯಾಕೆ ಮಜ್ಜಿಗೆ ಹಿಡಿದು ನಿಂತಿದ್ದಳು. ಈ ಸಲ ಆಕೆಯ ಮುಖ ಪೂರ್ತಿ ಕಂಡಿತು. ಅಷ್ಟು ವರ್ಷ ಬೆಲೆ ಹೇಳುವಾಗ ಆಕೆ ಹುಬ್ಬು ಗಂಟಿಕ್ಕುತ್ತಾಳೆ ಅಂದುಕೊಂಡಿದ್ದೆ, ಗಂಟಿರಲಿಲ್ಲ, ನಗುತ್ತಿದ್ದಳು.

"ಕಣ್ಣು ಬಂತಾ ಸಾವ್ಕಾರ್ರೇ?"

"ಒಂದು ಬಂತು."

"ಇನ್ನೊಂದು ಬರೋಗಂಟ ಮಜ್ಜಿಗೆನೇ," ಎಂದಳು. "ಕುಡೀರಿ. ಮುಂದಿನ ಬೆಳೆ ಮಾತು ಆಮ್ಯಾಲೆ."

ಕುಡಿಯುತ್ತಿರುವಾಗ ಒಳಗಿನಿಂದ ಟೀ ಕುದಿಯುವ ವಾಸನೆ ಬಂತು, ಏಲಕ್ಕಿಯ ಟೀ. ಯಾರಿಗೋ ಬೇರೆಯವರಿಗೆ. ಮೂಲೆಯಲ್ಲಿ ಕೂತ ಆಕೆಯ ಗಂಡನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲೋಟ ಖಾಲಿ ಮಾಡಿ ಕೆಳಗಿಟ್ಟೆ.